ಸಾಂಬಾರಿಗೆ ಮೂಗಿಲ್ಲ

ಪ್ರಶ್ನೆ: ಮಗಳು ‘ದಿ ಸಾಂಬಾರ್ ಸ್ಮೆಲ್ಸ್ ಗುಡ್’ ಎಂದು ಬರೆದಿದ್ದಳು. ಕ್ರಿಯಾಪದದ ಜೊತೆ ಕ್ರಿಯಾವಿಶೇಷಣ ಬರಬೇಕೆಂದು ‘ವೆಲ್’ ಮಾಡಿದೆ. ಸರಿಯೇ?

ಉತ್ತರ: ಮಗಳು ಬರೆದದ್ದೇ ಸರಿ. ಸಾಂಬಾರು ಏನನ್ನೂ ಮೂಸುತ್ತಿಲ್ಲ, ಅದಕ್ಕೆ ಮೂಗೇ ಇಲ್ಲ! ಇಲ್ಲಿ ‘ಸ್ಮೆಲ್ಸ್’ ಕೆಲಸವನ್ನು ಹೇಳುತ್ತಿಲ್ಲ. ಒಂದು ಗುಣವನ್ನು ಸಾಂಬಾರಿಗೆ ಅಂಟಿಸುತ್ತಿದೆ. ಇದೇ ಲಿಂಕಿಂಗ್ ವರ್ಬ್. ಅಂಟಿಕೊಂಡ ‘ಗುಡ್’ ಸಬ್ಜೆಕ್ಟ್ ಕಾಂಪ್ಲಿಮೆಂಟ್. ಅದು ವರ್ಣಿಸುವುದು ಕರ್ತೃವನ್ನು, ಕ್ರಿಯೆಯನ್ನಲ್ಲ. ಹಾಗಾಗಿ ವಿಶೇಷಣವೇ ಬೇಕು.

‘ದಿ ಕ್ಯಾಟ್ ಸ್ಮೆಲ್ಸ್ ದಿ ಸಾಂಬಾರ್’ ಎಂದರೆ ಮಾತು ಬೇರೆ. ಬೆಕ್ಕು ನಿಜವಾಗಿ ಮೂಸುತ್ತಿದೆ, ಸಾಂಬಾರು ಕರ್ಮ. ಅನುಮಾನ ಬಂದಾಗ ಕ್ರಿಯಾಪದ ತೆಗೆದು ‘ಈಸ್’ ಇಟ್ಟು ನೋಡಿ. ‘ದಿ ಸಾಂಬಾರ್ ಈಸ್ ಗುಡ್’ ನಿಲ್ಲುತ್ತದೆ. ಇನ್ನೊಂದರಲ್ಲಿ ಬೆಕ್ಕೇ ಸಾಂಬಾರಾಗಿಬಿಡುತ್ತದೆ. ಲುಕ್, ಫೀಲ್, ಟೇಸ್ಟ್, ಸೌಂಡ್‌ಗಳಿಗೂ ಇದೇ ಪರೀಕ್ಷೆ ಸಾಕು.

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಕನ್ನಡದಲ್ಲಿ ‘ಅವಳು ಡಾಕ್ಟರ್’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದದ ಹಂಗಿಲ್ಲ. ಇಂಗ್ಲಿಷ್ ಮಾತ್ರ ‘ಶಿ ಈಸ್ ಎ ಡಾಕ್ಟರ್’ ಎಂದು ಕೊಂಡಿ ಹಾಕಿಯೇ ತೀರುತ್ತದೆ. ಆ ಕೊಂಡಿಯ ಅಭ್ಯಾಸ ನಮ್ಮ ಕಿವಿಗಿಲ್ಲ.

‘ಐ ಫೀಲ್ ವೆಲ್’ ಸರಿಯಲ್ಲವೇ ಎಂದು ನೀವು ಕೇಳಬಹುದು. ಸರಿಯೇ. ಅಲ್ಲಿ ‘ವೆಲ್’ ಎಂದರೆ ಆರೋಗ್ಯವಾಗಿರುವ ಎಂಬ ವಿಶೇಷಣ. ಸಾಂಬಾರಿನ ಆರೋಗ್ಯ ವಿಚಾರಿಸುವುದು ನಿಮ್ಮ ಉದ್ದೇಶವಲ್ಲದಿದ್ದರೆ, ತಿದ್ದಿದ್ದನ್ನು ಇವತ್ತೇ ಅಳಿಸಿಬಿಡಿ.