ಬಿಸಿಯೇರುವ ವಾಯುಮಂಡಲವೂ ಕೊಪ್ಪಳ ಸೀಮೆಯ ಮಳೆಯೂ

2009ನೆಯ ಇಸವಿಯ ಮುಂಗಾರು ಮಳೆ ಭಾರತದಲ್ಲಿ ವಾಡಿಕೆಗಿಂತ ಶೇಕಡ 22ರಷ್ಟು ಕಡಿಮೆಯಾಗಿದ್ದಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಉತ್ತರ ಕರ್ನಾಟಕದ ಮೇಲೆ ಭಾರಿ ಮಳೆ ಸುರಿಸಿ ನೆರೆಯನ್ನು ತಂದಿತು. ಈ ಒಂದು ಘಟನೆಯ ಹೊಣೆಯನ್ನೆಲ್ಲ ಭೂಮಿಯ ತಾಪವೃದ್ಧಿಯ ಮೇಲೆ ಹೊರಿಸುವಂತಿಲ್ಲ. ಆದರೆ ಅನಾವೃಷ್ಟಿ ಅತಿವೃಷ್ಟಿಗಳು ಹೀಗೆ ಜೊತೆಗೂಡುವುದಕ್ಕೆ ಭೌತಶಾಸ್ತ್ರದಲ್ಲಿ ಕಾರಣವಿದೆ.

ನೆಲವು ಹೊರಸೂಸುವ ಶಾಖಕಿರಣಗಳನ್ನು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು, ಒಂದು ಪಾಲನ್ನು ಮರಳಿ ನೆಲಕ್ಕೆ ಕಳುಹಿಸುತ್ತದೆ. ಇದೇ ಹಸಿರುಮನೆ ಪರಿಣಾಮ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲದ ಪ್ರಮಾಣವು ಈಗ 420ನ್ನು ಮೀರಿದೆ.

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯು ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಆದರೆ ಜಗತ್ತಿನ ಒಟ್ಟು ಮಳೆ ಹೆಚ್ಚುವುದು ಶೇಕಡ 2ರಿಂದ 3 ಮಾತ್ರ. ಏಕೆಂದರೆ ಆವಿಯು ಹನಿಗೂಡುವಾಗ ಬಿಡುವ ಗುಪ್ತೋಷ್ಣವನ್ನು ವಾಯುಮಂಡಲವು ಹೊರಸೂಸಿ ಕಳೆದುಕೊಳ್ಳಬೇಕು; ಆ ಶಕ್ತಿಗೆ ಮಿತಿಯುಂಟು. ಮೇಲೇರುವ ಗಾಳಿಯಲ್ಲಿ ಆವಿ ಬಹಳ ಹೆಚ್ಚಿಯೂ ಒಟ್ಟು ಮಳೆ ಅಷ್ಟು ಹೆಚ್ಚದಿದ್ದರೆ, ಉಷ್ಣವಲಯದ ಗಾಳಿಯ ಏರಿಳಿತವೇ ಮಂದವಾಗಬೇಕಲ್ಲವೆ? ಆಗ ಮಳೆ ಬಂದರೆ ಬಿರುಸು; ನಡುವಣ ಬಿಡುವು ದೀರ್ಘ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು, ಮಧ್ಯಭಾರತದ 1951ರಿಂದ 2000ದವರೆಗಿನ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಇಂಥದೇ ಫಲಿತಾಂಶವನ್ನು ಪ್ರಕಟಿಸಿದರು. ಭಾರಿ ಮಳೆಗಳು ಹೆಚ್ಚಿದ್ದವು, ಸಾಧಾರಣ ಮಳೆಗಳು ತಗ್ಗಿದ್ದವು. ಋತುವಿನ ಮೊತ್ತ ಹೆಚ್ಚು ಬದಲಾಗಿರಲಿಲ್ಲ.

ಇನ್ನು ಕೊಪ್ಪಳ ಜಿಲ್ಲೆಯನ್ನು ನೋಡೋಣ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ಆಸರೆಯಿದೆ. ಅವುಗಳ ಭಾಗ್ಯ ಮಲೆನಾಡಿನ ಮೋಡಗಳಲ್ಲಿದೆ. ಕುಷ್ಟಗಿ, ಯಲಬುರ್ಗಾಗಳ ಸಜ್ಜೆ, ಜೋಳದ ಹೊಲಗಳಾದರೋ ಬಹುಮಟ್ಟಿಗೆ ತಮ್ಮ ತಲೆಯ ಮೇಲಣ ಮುಗಿಲನ್ನೇ ನಂಬಿವೆ. ಆರು ದಿನ 10 ಮಿಲಿಮೀಟರಿನಂತೆ ಬಿದ್ದರೂ, ಒಂದೇ ಸಂಜೆ 60 ಮಿಲಿಮೀಟರ್ ಸುರಿದರೂ ಮಳೆಮಾಪಕದ ಮೊತ್ತ ಒಂದೇ. ಹೊಲದ ಪಾಲಿಗೆ ಎರಡೂ ಒಂದಲ್ಲ: ಮೊದಲನೆಯದು ಬೇರಿಗೆ ಇಳಿಯುತ್ತದೆ, ಎರಡನೆಯದು ಮೇಲ್ಮಣ್ಣನ್ನು ಹೊತ್ತು ಹಳ್ಳ ಸೇರುತ್ತದೆ.

ಆದುದರಿಂದ ಒಡ್ಡು, ಕೆರೆ, ಕೃಷಿಹೊಂಡಗಳು ಇನ್ನು ಮುಂದೆ ಹಿಂದಿಗಿಂತಲೂ ಅವಶ್ಯ. ವಿದ್ಯಾರ್ಥಿಗಳು ತಮ್ಮ ಊರಿನ ಮಳೆಯನ್ನು ಅಳೆಯುವಾಗ ಮೊತ್ತವನ್ನಷ್ಟೇ ಬರೆದಿಡದೆ, ಅದು ಎಷ್ಟು ದಿನಗಳಲ್ಲಿ ಬಿದ್ದಿತೆಂಬುದನ್ನೂ ಬರೆದಿಡಲಿ.