ನಿಘಂಟೆಂಬ ಸಂಗಾತಿ



ಚೌಡಾಪುರದ ಸುತ್ತಣ ಗ್ರಾಮಗಳ ಬಾಲಿಕೆಯು ಮನೆಯಲ್ಲಿ ‘ಖರೆ’ ಎನ್ನುತ್ತಾಳೆ; ಪುಸ್ತಕವು ‘ನಿಜ’ ಎನ್ನುತ್ತದೆ. ಈ ಅಂತರವನ್ನು ದಾಟಿಸುವ ಸಾಧನಗಳಲ್ಲಿ ನಿಘಂಟು ಮುಖ್ಯವಾದುದೆಂದು ನಾವು ನಂಬಿದ್ದೇವೆ.

ಬಾಸೆಲ್ ಮಿಶನ್ನಿನ ಸೇವೆಗಾಗಿ 1853ರಲ್ಲಿ ಈ ದೇಶಕ್ಕೆ ಬಂದ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರು, ದೇಶೀಯ ಪಂಡಿತರ ನೆರವಿನಿಂದ ಬಹುವರ್ಷ ಶ್ರಮಪಟ್ಟು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಪಡಿಸಿದರು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಕಾವ್ಯದ ಪದಗಳೊಡನೆ ಜನರ ಬಾಯಿಯ ಗಾದೆಗಳಿಗೂ ಅಲ್ಲಿ ಸ್ಥಾನವುಂಟು. ಆದುದರಿಂದ ಮನೆಮಾತು ಹೀನವೆಂದು ಯಾವ ಬಾಲಿಕೆಯೂ ನಾಚಬೇಕಾಗಿಲ್ಲ.

ಆ ಮಹಾಗ್ರಂಥವು ಇಂದು ಇಂಟರ್ನೆಟ್ ಆರ್ಕೈವಿನಲ್ಲಿ ವೆಚ್ಚವಿಲ್ಲದೆ ದೊರೆಯುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಅನೇಕ ನಿಘಂಟುಗಳಿವೆ. 2017ರಲ್ಲಿ ಆರಂಭವಾದ ‘ದೀಕ್ಷಾ’ದ ಪಾಠಗಳು, ಪಠ್ಯಪುಸ್ತಕದ ಕ್ಯೂಆರ್ ಗುರುತಿಗೆ ಮೊಬೈಲನ್ನು ಹಿಡಿದೊಡನೆ ತೆರೆಯುತ್ತವೆ.

ಸಾಧನವಿದ್ದ ಮಾತ್ರಕ್ಕೆ ವಿದ್ಯೆ ಬಾರದು. ಬಾಲಿಕೆಯು ಮೊದಲು ಅರ್ಥವನ್ನು ತಾನೇ ಊಹಿಸಲಿ. ಅನಂತರ ನಿಘಂಟನ್ನು ನೋಡಲಿ. ಕಡೆಗೆ ಆ ಶಬ್ದವನ್ನಿಟ್ಟು ಸ್ವಂತ ವಾಕ್ಯವೊಂದನ್ನು ಬರೆಯಲಿ. ಉಪಾಧ್ಯಾಯಿನಿಯೂ ಗೊತ್ತಿಲ್ಲದ ಶಬ್ದ ಬಂದಾಗ ಸಂಕೋಚಪಡದೆ ತರಗತಿಯ ಮುಂದೆಯೇ ಹುಡುಕಲಿ.

ಅನೇಕ ಮನೆಗಳಲ್ಲಿ ಮೊಬೈಲು ಮೊದಲು ಮಗನ ಕೈಗೆ. ಮಿಕ್ಕ ವೇಳೆ ಮಾತ್ರ ಮಗಳಿಗೆ. ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಸಂಜೆಯ ಅರ್ಧ ಗಂಟೆಯನ್ನು ಅವಳದೆಂದು ಗೊತ್ತುಮಾಡಿ, ಹತ್ತಿರ ಕುಳಿತುಕೊಳ್ಳಿರಿ. ಪೂರ್ವ ವಿದ್ಯಾರ್ಥಿನಿಯರು ಶಾಲೆಯ ಪುಸ್ತಕಾಲಯಕ್ಕೆ ಒಂದೊಂದು ನಿಘಂಟನ್ನು ದಯಪಾಲಿಸಲಿ. ಬಿತ್ತುವುದು ನಮ್ಮ ಕೆಲಸ. ಬೆಳೆಯನ್ನು ಕೊಡುವವನು ದೇವರು.