ಲ್ಯಾಮ್ ಎಂಬ ಅಪರೂಪದ ಶ್ವಾಸಕೋಶದ ಕಾಯಿಲೆ: ಅನುಭವವುಳ್ಳ ವೈದ್ಯರನ್ನು ಹುಡುಕುವ ದಾರಿ (ಮುಖ್ಯಾಂಶಗಳು)

ಅಪರೂಪದ ಕಾಯಿಲೆಗಳ ಬಗ್ಗೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳು ಹೆಚ್ಚಾಗಿ ನೀತಿಯ ವರ್ಷ, ನೆರವಿನ ಮೊತ್ತ, ಕೇಂದ್ರಗಳ ಹೆಸರು, ಇಷ್ಟರಲ್ಲೇ ಸುತ್ತುತ್ತವೆ. ಆ ಅಂಕಿಗಳೂ ಕೆಳಗಿವೆ. ವಿವರಣಾತ್ಮಕ ಉತ್ತರ ಬರೆಯುವವರು ಮಾತ್ರ ಒಂದೇ ಒಂದು ಕಾಯಿಲೆಯನ್ನು ಹಿಡಿದು ಕೊನೆಯವರೆಗೆ ಹೋಗುವುದು ಒಳ್ಳೆಯದು. ಇಲ್ಲಿ ಹಿಡಿದಿರುವುದು ಲಿಂಫ್ಯಾಂಜಿಯೋಲಿಯೋಮಯೋಮ್ಯಾಟೋಸಿಸ್. ವೈದ್ಯರೂ ಇಷ್ಟುದ್ದ ಹೇಳುವುದಿಲ್ಲ, ಲ್ಯಾಮ್ ಎನ್ನುತ್ತಾರೆ.

ಕಾಯಿಲೆ ಯಾವುದು?

● ಬಹುಮಟ್ಟಿಗೆ ಹೆಂಗಸರಿಗೇ ಬರುವ ಕಾಯಿಲೆ. ಪತ್ತೆಯಾಗುವುದು ಹೆಚ್ಚಾಗಿ 30 ಮತ್ತು 40ರ ಹರೆಯದಲ್ಲಿ. ವೈದ್ಯ ಸಾಹಿತ್ಯದಲ್ಲಿ ಇದರ ಮೊದಲ ವಿವರಣೆ 1937ರದು.

● ನಯವಾದ ಸ್ನಾಯುಕೋಶಗಳನ್ನು ಹೋಲುವ ಅಸಹಜ ಕೋಶಗಳು ಶ್ವಾಸಕೋಶದಲ್ಲಿ ಸೇರಿಕೊಂಡು, ಅಂಗಾಂಶ ಕರಗಿ, ತೆಳುಗೋಡೆಯ ಗಾಳಿಗುಳ್ಳೆಗಳು (ಸಿಸ್ಟ್) ಎರಡೂ ಕಡೆ ಹರಡುತ್ತವೆ.

● ಮೂಲದಲ್ಲಿ ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್‌ನ ದೋಷ. ಟಿಎಸ್‌ಸಿ1 ಇರುವುದು 9ನೇ ವರ್ಣತಂತುವಿನಲ್ಲಿ, ಟಿಎಸ್‌ಸಿ2 ಇರುವುದು 16ನೇ ವರ್ಣತಂತುವಿನಲ್ಲಿ. ಇವು ಕೆಟ್ಟಾಗ ಎಂಟಾರ್ ಎಂಬ ಬೆಳವಣಿಗೆಯ ಸಂಕೇತಕ್ಕೆ ಕಡಿವಾಣ ತಪ್ಪುತ್ತದೆ. ಮುಂದೆ ಬರುವ ಔಷಧಿ ಕೆಲಸ ಮಾಡುವುದು ಇದೇ ಜಾಗದಲ್ಲಿ. ಹಾಗಾಗಿ ಈ ಸಾಲನ್ನು ಬಾಯಿಪಾಠ ಮಾಡುವ ಬದಲು ಅರ್ಥ ಮಾಡಿಕೊಳ್ಳಿ.

● ಎರಡು ಬಗೆ: ಒಂಟಿಯಾಗಿ ಬರುವ ಲ್ಯಾಮ್, ಮತ್ತು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಜೊತೆ ಬರುವ ಲ್ಯಾಮ್.

● ಶ್ವಾಸಕೋಶದ ಹೊರಗೂ ಗುರುತು ಬಿಡುತ್ತದೆ. ಮೂತ್ರಪಿಂಡದಲ್ಲಿ ಆಂಜಿಯೋಮಯೋಲಿಪೋಮ ಎಂಬ ಗಡ್ಡೆ, ಎದೆಗೂಡಿನಲ್ಲಿ ಹಾಲಿನಂಥ ದ್ರವ ತುಂಬುವುದು (ಕೈಲೋಥೊರಾಕ್ಸ್), ಹೊಟ್ಟೆಯಲ್ಲಿ ದುಗ್ಧರಸದ ಚೀಲಗಳು.

ಯಾಕೆ ತಡವಾಗಿ ಗೊತ್ತಾಗುತ್ತದೆ?

ಮೆಟ್ಟಿಲು ಹತ್ತಿದರೆ ಏದುಸಿರು, ಒಣಕೆಮ್ಮು, ಸುಸ್ತು. ಈ ಮೂರನ್ನು ಕೇಳಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ಅಸ್ತಮಾ, ರಕ್ತಹೀನತೆ ಅಥವಾ ಆತಂಕ. ಅದರಲ್ಲಿ ತಪ್ಪೇನಿಲ್ಲ, ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಹೆಚ್ಚಿನವರ ಕಾರಣ ಅದೇ ಆಗಿರುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಕ್ಷಯದ ಅನುಮಾನವೂ ಸೇರುತ್ತದೆ. ಎದೆಯಲ್ಲಿ ನೀರು ಅಂದ ಕೂಡಲೇ ಟಿ.ಬಿ. ನೆನಪಾಗುವ ನಾಡಿದು. ತೆಗೆದ ನೀರು ಹಾಲಿನಂತೆ ಬೆಳ್ಳಗಿದ್ದರೆ ಅದರಲ್ಲಿ ಟ್ರೈಗ್ಲಿಸರೈಡ್ ಎಷ್ಟಿದೆ ಎಂದು ನೋಡಿಸಬೇಕು. ಆ ಒಂದು ಪರೀಕ್ಷೆ ದಾರಿಯನ್ನೇ ಬದಲಿಸಬಹುದು.

ಇನ್ನೊಂದು ದೊಡ್ಡ ಸುಳಿವು ನ್ಯುಮೋಥೊರಾಕ್ಸ್, ಅಂದರೆ ಶ್ವಾಸಕೋಶದ ಗುಳ್ಳೆ ಒಡೆದು ಎದೆಗೂಡಿಗೆ ಗಾಳಿ ನುಗ್ಗುವುದು. ಲ್ಯಾಮ್ ಇರುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಮ್ಮೆಯಾದರೂ ಹೀಗಾಗುತ್ತದೆ, ಆದವರಲ್ಲಿ ಬಹುಪಾಲು ಜನರಿಗೆ ಮರುಕಳಿಸುತ್ತದೆ. ಬೀಡಿ ಸಿಗರೇಟು ಸೇದದ ನಡುವಯಸ್ಸಿನ ಹೆಂಗಸಿಗೆ ತಾನಾಗಿಯೇ ಹೀಗಾದರೆ, ನಳಿಕೆ ಹಾಕಿ ಗಾಳಿ ತೆಗೆದು ಮನೆಗೆ ಕಳಿಸಿದರೆ ಸಾಲದು, ಸಿ.ಟಿ. ಮಾಡಿಸಲೇಬೇಕು. ಕಾಯಿಲೆಯ ಹೆಸರನ್ನು ಮೊದಲು ಹೇಳುವವರು ಎಷ್ಟೋ ಸಲ ಎದೆರೋಗ ತಜ್ಞರಲ್ಲ, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್.

ಲೆಕ್ಕ ಹಾಕಿ ನೋಡಿ

ಹಳೆಯ ಅಂದಾಜಿನ ಪ್ರಕಾರ 10 ಲಕ್ಷ ಹೆಂಗಸರಲ್ಲಿ ಸುಮಾರು 3ರಿಂದ 8 ಮಂದಿಗೆ ಲ್ಯಾಮ್. ಇತ್ತೀಚಿನ ಎಣಿಕೆಗಳು ಇದಕ್ಕಿಂತ ಹೆಚ್ಚು ಎನ್ನುತ್ತವೆ. 2011ರ ಜನಗಣತಿಯಂತೆ ಕರ್ನಾಟಕದ ಮಹಿಳೆಯರ ಸಂಖ್ಯೆ ಸುಮಾರು 3.01 ಕೋಟಿ. ಹಳೆಯ ದರವನ್ನೇ ಇಟ್ಟುಕೊಂಡರೂ ಇಡೀ ರಾಜ್ಯಕ್ಕೆ 90ರಿಂದ 240 ಮಂದಿ, 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಹತ್ತಕ್ಕೂ ಕಡಿಮೆ. ಅವರಲ್ಲೂ ಎಷ್ಟೋ ಜನರಿಗೆ ತಮ್ಮ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ.

ಅಂದಮೇಲೆ ಜಿಲ್ಲಾ ಕೇಂದ್ರದ ಒಬ್ಬ ಎದೆರೋಗ ತಜ್ಞರು ವೃತ್ತಿಜೀವನದಲ್ಲಿ ಇಂಥ ಒಬ್ಬರನ್ನು ನೋಡಿದ್ದರೆ ಅದೇ ಹೆಚ್ಚು. ‘ನಮ್ಮೂರಲ್ಲಿ ಇದರ ತಜ್ಞರು ಯಾರು?’ ಎಂದು ಊರೆಲ್ಲ ಕೇಳುತ್ತ ಹೋಗುವುದರಿಂದ ದಣಿವಷ್ಟೇ ಲಾಭ. ಬೇಕಿರುವುದು ಇಬ್ಬರು. ಇಂಥ ಹಲವರನ್ನು ನೋಡಿರುವ ದೂರದ ಒಬ್ಬ ತಜ್ಞರು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಆ ತಜ್ಞರ ಪತ್ರ ಓದಿ ಅದರಂತೆ ನಡೆಯಲು ಒಪ್ಪುವ ಹತ್ತಿರದ ಒಬ್ಬ ವೈದ್ಯರು, ಯಾವಾಗ ಬೇಕಾದರೂ. ಎರಡನೆಯವರು ಲ್ಯಾಮ್ ನೋಡಿರಲೇಬೇಕೆಂದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಫೋನ್ ಎತ್ತುವವರಾದರೆ ಸಾಕು. ಉತ್ತರಪತ್ರಿಕೆಯಲ್ಲಿ ಬರೆಯಬೇಕಾದ ಒಂದೇ ವಾಕ್ಯ ಯಾವುದು ಎಂದರೆ ನಾನು ಇದನ್ನೇ ಆರಿಸುತ್ತೇನೆ: ಅಪರೂಪದ ಕಾಯಿಲೆಯಲ್ಲಿ ವೈದ್ಯರು ಬೇಕಿರುವುದು ಜೋಡಿಯಾಗಿ.

ದೂರದ ತಜ್ಞರನ್ನು ಹುಡುಕುವುದು ಎಲ್ಲಿ?

● ಪದವಿ ನೋಡಿ. ಎಂಬಿಬಿಎಸ್ ನಂತರ ರೆಸ್ಪಿರೇಟರಿ ಮೆಡಿಸಿನ್‌ನಲ್ಲಿ ಎಂ.ಡಿ. 3 ವರ್ಷ, ಅದರ ಮೇಲೆ ಪಲ್ಮನರಿ ಮೆಡಿಸಿನ್‌ನಲ್ಲಿ ಡಿ.ಎಂ. ಮತ್ತೆ 3 ವರ್ಷ. ಹಳೆಯ ಬೋರ್ಡುಗಳಲ್ಲಿ ‘ಟಿ.ಬಿ. ಮತ್ತು ಎದೆರೋಗ’ ಎಂದು ಇರುವುದೂ ಇದೇ ಶಾಖೆ. ಪದವಿ ಒಂದು ಜರಡಿ ಮಾತ್ರ, ಅನುಭವಕ್ಕೆ ಅದು ಸಾಕ್ಷಿಯಲ್ಲ.

● ‘ಐಎಲ್‌ಡಿ ಕ್ಲಿನಿಕ್’ ನಡೆಸುವ ಆಸ್ಪತ್ರೆ ಕೇಳಿ. ಐಎಲ್‌ಡಿ ಎಂದರೆ ಶ್ವಾಸಕೋಶದ ಅಂಗಾಂಶವನ್ನೇ ಹಿಡಿಯುವ ಕಾಯಿಲೆಗಳ ದೊಡ್ಡ ಗುಂಪು. ಅಲ್ಲಿ ಎದೆರೋಗ ತಜ್ಞರು, ರೇಡಿಯಾಲಜಿಸ್ಟ್, ಪ್ಯಾಥಾಲಜಿಸ್ಟ್ ಒಟ್ಟಿಗೆ ಕುಳಿತು ಒಂದೊಂದೇ ಕೇಸು ಚರ್ಚಿಸುವ ರೂಢಿ ಇದೆಯೇ ಎಂಬುದು ಮುಖ್ಯ. ಒಬ್ಬರೇ ನೋಡಿ ಬರೆದುಕೊಟ್ಟ ಚೀಟಿಗಿಂತ ಮೂವರ ಚರ್ಚೆಗೆ ತೂಕ ಹೆಚ್ಚು.

● ಪ್ರಕಟವಾದ ಲೇಖನಗಳು. ಇಂಡಿಯನ್ ಚೆಸ್ಟ್ ಸೊಸೈಟಿಯ ನಿಯತಕಾಲಿಕ ‘ಲಂಗ್ ಇಂಡಿಯಾ’, ಅಮೆರಿಕದ ಉಚಿತ ಸೂಚಿ ‘ಪಬ್‌ಮೆಡ್’. ಕಾಯಿಲೆಯ ಹೆಸರು ಮತ್ತು ಭಾರತ ಎಂದು ಹಾಕಿದರೆ ಯಾವ ಆಸ್ಪತ್ರೆಯ ಯಾರು ಬರೆದಿದ್ದಾರೆ ಎಂಬುದು ಸಿಗುತ್ತದೆ. ಜಾಹೀರಾತಿಗಿಂತ ಇದು ನಂಬಿಕಸ್ತ ದಾರಿ.

● ಪಕ್ಕದ ವಿಭಾಗಗಳು. ಟ್ಯೂಬರಸ್ ಸ್ಕ್ಲೆರೋಸಿಸ್ ಮಕ್ಕಳಲ್ಲಿ ಫಿಟ್ಸ್ ತರುವುದರಿಂದ ನರರೋಗ ತಜ್ಞರು ಅದನ್ನು ಬಲ್ಲರು. ಮೂತ್ರಪಿಂಡದ ಗಡ್ಡೆಯ ಕಾರಣಕ್ಕೆ ಯೂರಾಲಜಿಸ್ಟರೂ ಬಲ್ಲರು. ಲ್ಯಾಮ್ ನೋಡಿದವರು ಯಾರು ಎಂಬುದು ಅವರಿಗೆ ಗೊತ್ತಿರುವ ಸಾಧ್ಯತೆ ಹೆಚ್ಚು.

● ಸರ್ಕಾರಿ ನೆಲೆಯಲ್ಲಿ ಎದೆರೋಗಕ್ಕೆಂದೇ ಇರುವುದು ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಹಳಬರ ಬಾಯಲ್ಲಿ ಇಂದಿಗೂ ಎಸ್‌ಡಿಎಸ್ ಸ್ಯಾನಟೋರಿಯಂ. ವೈದ್ಯಕೀಯ ಕಾಲೇಜು ಇರುವ ಊರುಗಳಲ್ಲಿ ಅಲ್ಲಿನ ಎದೆರೋಗ ವಿಭಾಗವೇ ಮೊದಲ ಬಾಗಿಲು.

● ವಿದೇಶದಲ್ಲಿ: ದಿ ಲ್ಯಾಮ್ ಫೌಂಡೇಶನ್, 1995, ಅಮೆರಿಕದ ಸಿನ್ಸಿನಾಟಿ. ಮಗಳಿಗೆ ಈ ಕಾಯಿಲೆ ಇದೆಯೆಂದು ತಿಳಿದ ತಾಯಿಯೊಬ್ಬರು, ಸೂ ಬರ್ನ್ಸ್, ಕಟ್ಟಿದ ಸಂಸ್ಥೆ. ಲ್ಯಾಮ್ ನೋಡುವ ಕ್ಲಿನಿಕ್‌ಗಳ ಜಾಲವನ್ನು ಬೆಳೆಸಿದೆ.

ವೈದ್ಯರನ್ನು ಏನು ಕೇಳಬೇಕು?

‘ನಿಮಗೆ ಅನುಭವ ಇದೆಯೇ?’ ಎಂದು ಡಾಕ್ಟರನ್ನು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೆ ಕೇಳದೆ ಗತ್ಯಂತರವಿಲ್ಲ. ಹೀಗೆ ಕೇಳಬಹುದು: ‘ಡಾಕ್ಟ್ರೇ, ಇಂಥ ಕೇಸು ಮೊದಲು ನೋಡಿದ್ದೀರಾ? ಬೇರೆ ಯಾರ ಹತ್ರ ಆದರೂ ಒಂದು ಮಾತು ಕೇಳ್ತೀರಾ? ಅವರು ಬರೆದುಕೊಟ್ಟ ಔಷಧಿಯ ರಕ್ತಪರೀಕ್ಷೆ ಇಲ್ಲೇ ಮಾಡಿಸಿದರೆ ನೀವು ನೋಡ್ತೀರಾ?’ ಮೂರನೆಯ ಪ್ರಶ್ನೆಯ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ಸಿಡುಕಿದರೆ ಬೇರೆ ಬಾಗಿಲು ನೋಡಿ. ಚೀಟಿಯ ಮೇಲೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು ಎಂಬುದೂ ನೆನಪಿರಲಿ.

ಕೈಯಲ್ಲಿ ಏನಿರಬೇಕು?

ಸಿ.ಟಿ. ವರದಿಯ ಹಾಳೆ ಒಂದನ್ನೇ ಹಿಡಿದು ಇನ್ನೂರು ಮೈಲಿ ಹೋಗುವವರು ಬಹಳ. ತಜ್ಞರಿಗೆ ಬೇಕಾಗಿರುವುದು ಚಿತ್ರ, ಇನ್ನೊಬ್ಬರ ಅಭಿಪ್ರಾಯವಲ್ಲ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿ.ಡಿ. ಕೇಳಿ ಪಡೆಯಿರಿ. ಫಿಲಂ ಮೇಲೆ ಎಲ್ಲ ಚಿತ್ರಗಳೂ ಇರುವುದಿಲ್ಲ. ಎಚ್‌ಆರ್‌ಸಿಟಿಯ (ಸೂಕ್ಷ್ಮ ವಿವರ ತೋರಿಸುವ ಸಿ.ಟಿ.) ಪದರಗಳು 1 ಮಿ.ಮೀ. ಆಸುಪಾಸು ತೆಳುವಾಗಿದ್ದರೆ ಗುಳ್ಳೆಗಳ ಗೋಡೆ ಸ್ಪಷ್ಟ. ಹಳೆಯ ಎಕ್ಸ್‌ರೇ ಎಸೆಯಬೇಡಿ, ಐದು ವರ್ಷದ ಹಿಂದಿನದು ಇದ್ದರೆ ಕಾಯಿಲೆಯ ವೇಗ ತಿಳಿಯುತ್ತದೆ. ಇವುಗಳ ಜೊತೆ ಸ್ಪೈರೋಮೆಟ್ರಿ, ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಅಳತೆ), 6 ನಿಮಿಷದ ನಡಿಗೆ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಸೇವಿಸಿದ ಔಷಧಿಗಳ ಪಟ್ಟಿ. ಗರ್ಭನಿರೋಧಕ ಗುಳಿಗೆಯನ್ನು ಈ ಪಟ್ಟಿಯಿಂದ ಬಿಡುವವರೇ ಜಾಸ್ತಿ. ಈಸ್ಟ್ರೋಜೆನ್ ಈ ಕಾಯಿಲೆಯಲ್ಲಿ ಬೇಡದ ವಸ್ತುವಾದ್ದರಿಂದ ಅದನ್ನು ಹೇಳಲೇಬೇಕು.

ರಕ್ತದಲ್ಲಿ ವಿಇಜಿಎಫ್-ಡಿ ಎಂಬ ಪ್ರೋಟೀನ್ 800 ಪಿಕೋಗ್ರಾಂ/ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚಿದ್ದು, ಸಿ.ಟಿ. ಚಿತ್ರವೂ ಹೊಂದಿಕೊಂಡರೆ ಬಯಾಪ್ಸಿ ಬೇಡ. ಪ್ರಮಾಣ ಕಡಿಮೆ ಇದ್ದ ಮಾತ್ರಕ್ಕೆ ಲ್ಯಾಮ್ ಇಲ್ಲ ಎಂದಾಗದು.

ಔಷಧಿ: ಸಿರೊಲಿಮಸ್

ಪರೀಕ್ಷೆಗೆ ಹೇಳಿ ಮಾಡಿಸಿದ ಕಥೆ ಇದು. 1964ರಲ್ಲಿ ಕೆನಡಾದಿಂದ ಹೊರಟ ತಂಡ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ (ರಾಪಾ ನುಯಿ) ಮಣ್ಣು ತಂದಿತು. ಅದರ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ವಸ್ತುವೇ ರಾಪಾಮೈಸಿನ್, ಈಗಿನ ಸಿರೊಲಿಮಸ್. ಅದರ ಹಿಂದೆ ಬಿದ್ದವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇಂದ್ರನಾಥ್ ಸೆಹಗಲ್. ಅಮೆರಿಕದಲ್ಲಿ 1999ರಲ್ಲಿ ಮೂತ್ರಪಿಂಡ ಕಸಿಗೆ ಅನುಮೋದನೆ, 2015ರಲ್ಲಿ ಲ್ಯಾಮ್‌ಗೆ. ಲ್ಯಾಮ್‌ಗೆ ಅಲ್ಲಿ ಅನುಮೋದನೆ ಪಡೆದ ಮೊದಲ ಔಷಧಿ ಇದೇ. ಆಧಾರ: 2011ರಲ್ಲಿ ಪ್ರಕಟವಾದ ಮೈಲ್ಸ್ ಪ್ರಯೋಗ, 89 ರೋಗಿಗಳು. ಔಷಧಿ ಇರುವಷ್ಟು ಕಾಲ ಶ್ವಾಸಕೋಶದ ಶಕ್ತಿ ನಿಂತಲ್ಲೇ ನಿಂತಿತು, ನಿಲ್ಲಿಸಿದ ಮೇಲೆ ಕುಸಿತ ಮತ್ತೆ ಶುರುವಾಯಿತು. ಅಂದರೆ ಇದು ತಡೆಯುವ ಮದ್ದು, ಬೇರು ಕೀಳುವ ಮದ್ದಲ್ಲ.

ಹತ್ತಿರದ ವೈದ್ಯರ ವಿಚಾರಕ್ಕೆ ಇಲ್ಲೊಂದು ಅನುಕೂಲವಿದೆ, ಬಹಳ ಮಂದಿ ಗಮನಿಸುವುದಿಲ್ಲ. ನಿಮ್ಮ ಊರಿನಲ್ಲಿ ಲ್ಯಾಮ್ ಬಲ್ಲವರು ಇಲ್ಲದಿರಬಹುದು, ಸಿರೊಲಿಮಸ್ ಬಲ್ಲವರು ಇರುತ್ತಾರೆ. ಕಿಡ್ನಿ ಕಸಿಯಾದವರನ್ನು ನೋಡಿಕೊಳ್ಳುವ ನೆಫ್ರಾಲಜಿಸ್ಟರಿಗೆ ಇದು ಪರಿಚಿತ ಗುಳಿಗೆ. ರಕ್ತದ ಮಟ್ಟ (ಸಾಮಾನ್ಯವಾಗಿ 5–15 ನ್ಯಾನೋಗ್ರಾಂ/ಮಿ.ಲೀ. ಒಳಗೆ), ಬಾಯಿಹುಣ್ಣು, ಕೊಲೆಸ್ಟರಾಲ್ ಏರಿಕೆ, ಸೋಂಕು, ಇವನ್ನೆಲ್ಲ ಅವರು ನಿಭಾಯಿಸಬಲ್ಲರು.

ಬೆರೆಸಬಾರದವು: ಟಿ.ಬಿ. ಮದ್ದಾದ ರಿಫಾಂಪಿಸಿನ್ ಸಿರೊಲಿಮಸ್ ಮಟ್ಟವನ್ನು ಇಳಿಸುತ್ತದೆ, ಕೀಟೋಕೊನಜೋಲ್‌ನಂಥ ಶಿಲೀಂಧ್ರನಾಶಕ ಏರಿಸುತ್ತದೆ. ಗ್ರೇಪ್‌ಫ್ರೂಟ್ ರಸ ಬೇಡ. ಅದರ ನೆಂಟನಾದ ದೇವನಹಳ್ಳಿ ಚಕ್ಕೋತವನ್ನು ಸುಲಿಯುವ ಮೊದಲೂ ವೈದ್ಯರನ್ನು ಒಂದು ಮಾತು ಕೇಳಿ. ಗಾಯ ಮಾಯುವುದನ್ನು ಈ ಔಷಧಿ ತಡ ಮಾಡುವುದರಿಂದ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಸರ್ಜನ್‌ಗೆ ತಿಳಿಸಬೇಕು.

ಹತ್ತಿರದ ವೈದ್ಯರ ಪಾಲಿನ ಕೆಲಸ

ಹಠಾತ್ತನೆ ಎದೆನೋವು, ಉಸಿರು ಸಿಕ್ಕಿಕೊಂಡಂತಾಗುವುದು: ನ್ಯುಮೋಥೊರಾಕ್ಸ್ ಎಂದೇ ತಿಳಿದು 108ಕ್ಕೆ ಕರೆ (ಆರೋಗ್ಯ ಕವಚ, ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ). ಈ ಹೊತ್ತಿನಲ್ಲಿ ದೂರದ ತಜ್ಞರಿಂದ ಉಪಯೋಗವಿಲ್ಲ. ರೋಗಿಯ ಪರ್ಸಿನಲ್ಲಿ ಕಾಯಿಲೆಯ ಹೆಸರು, ಔಷಧಿ, ತಜ್ಞರ ನಂಬರು ಬರೆದ ಚೀಟಿ ಇದ್ದರೆ ತುರ್ತು ವಿಭಾಗದ ಯುವ ವೈದ್ಯರ ಕೆಲಸ ಹಗುರ. ಮೊದಲ ಸಲ ಆದಾಗಲೇ ಪೊರೆ ಅಂಟಿಸುವ ಚಿಕಿತ್ಸೆ (ಪ್ಲೂರೋಡೆಸಿಸ್) ಯೋಚಿಸಬೇಕೆಂಬುದು ಅಮೆರಿಕ ಮತ್ತು ಜಪಾನಿನ ಶ್ವಾಸಕೋಶ ಸಂಘಗಳ 2017ರ ಮಾರ್ಗಸೂಚಿಯ ಸಲಹೆ. ಉಳಿದಂತೆ ಲಸಿಕೆ, ಆಮ್ಲಜನಕ, ಗರ್ಭಧಾರಣೆಗೆ ಮುಂಚಿನ ಸಲಹೆ, ವಿಮಾನ ಪ್ರಯಾಣಕ್ಕೆ ಮುಂಚಿನ ತಪಾಸಣೆ.

ಟೆಲಿಮೆಡಿಸಿನ್ ಇಬ್ಬರನ್ನೂ ಜೋಡಿಸುತ್ತದೆ. ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು. ವೈದ್ಯರು ವೈದ್ಯರ ಸಲಹೆ ಪಡೆಯಲೂ ಅದರಲ್ಲಿ ಅವಕಾಶವಿದೆ. ಕೇಂದ್ರದ ವೇದಿಕೆ ಇ-ಸಂಜೀವನಿ ಶುರುವಾದದ್ದು 2019ರ ನವೆಂಬರ್‌ನಲ್ಲಿ.

ನೀತಿ, ಹಣ, ಅಂಕಿ

● ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ: 2021ರ ಮಾರ್ಚ್. ಮೂರು ಗುಂಪುಗಳು: ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗುವವು, ದೀರ್ಘಕಾಲದ ಆದರೆ ತುಲನಾತ್ಮಕವಾಗಿ ಅಗ್ಗದ ಚಿಕಿತ್ಸೆಯವು, ಚಿಕಿತ್ಸೆ ಇದ್ದರೂ ವಿಪರೀತ ದುಬಾರಿಯಾದವು.

● ನೆರವು: ಮೊದಲು 20 ಲಕ್ಷ ರೂ.ವರೆಗೆ, ಮೊದಲ ಗುಂಪಿಗೆ ಮಾತ್ರ. 2022ರಲ್ಲಿ 50 ಲಕ್ಷ ರೂ.ವರೆಗೆ, ಎಲ್ಲ ಗುಂಪುಗಳಿಗೂ. ಹಣ ಬಿಡುಗಡೆಯಾಗುವುದು ಉತ್ಕೃಷ್ಟತಾ ಕೇಂದ್ರಕ್ಕೆ, ರೋಗಿಯ ಖಾತೆಗಲ್ಲ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮಾತ್ರ.

● ಆರಂಭದ 8 ಕೇಂದ್ರಗಳಲ್ಲಿ ಕರ್ನಾಟಕದ್ದು: ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ.

● ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ. ಉನ್ನತ ಹಂತದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುವುದರಿಂದ ಸ್ಥಳೀಯ ವೈದ್ಯರ ಸಹಿ ಇಲ್ಲೂ ಬೇಕು.

● ಅಂಗಾಂಗ ಕಸಿಯ ಸಮನ್ವಯ: ಕರ್ನಾಟಕದಲ್ಲಿ ‘ಜೀವಸಾರ್ಥಕತೆ’. ಲ್ಯಾಮ್ ಕೊನೆಯ ಹಂತದಲ್ಲಿ ಶ್ವಾಸಕೋಶ ಕಸಿಗೆ ಅಡ್ಡಿಯಲ್ಲ.

● ಅಪರೂಪದ ಕಾಯಿಲೆಗಳ ದಿನ: ಫೆಬ್ರವರಿಯ ಕೊನೆಯ ದಿನ, 2008ರಿಂದ.

ಗೊಂದಲವಾಗುವ ಕಡೆಗಳು

‘ಅಪರೂಪ’ದ ಅಳತೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಒಟ್ಟು 2 ಲಕ್ಷಕ್ಕಿಂತ ಕಡಿಮೆ ರೋಗಿಗಳು, ಯೂರೋಪಿನ ಒಕ್ಕೂಟದಲ್ಲಿ 10,000ಕ್ಕೆ 5ಕ್ಕಿಂತ ಹೆಚ್ಚಿಲ್ಲದವು. ಭಾರತದ ನೀತಿ ಇಂಥ ಸಂಖ್ಯೆಯನ್ನು ಕಟ್ಟಿಕೊಂಡಿಲ್ಲ, ಕಾಯಿಲೆಗಳ ಪಟ್ಟಿಯನ್ನೇ ಕೊಟ್ಟಿದೆ.

ಶ್ವಾಸಕೋಶದಲ್ಲಿ ಗುಳ್ಳೆ ಕಂಡದ್ದೆಲ್ಲ ಲ್ಯಾಮ್ ಅಲ್ಲ. ಧೂಮಪಾನಿಗಳ ಲ್ಯಾಂಗರ್‌ಹ್ಯಾನ್ಸ್ ಕೋಶಗಳ ಕಾಯಿಲೆ, ಬರ್ಟ್-ಹಾಗ್-ಡುಬೆ ಸಿಂಡ್ರೋಮ್, ಎಂಫಿಸೀಮ, ಇವೂ ಹಾಗೆಯೇ ಕಾಣಬಹುದು. ವಿಂಗಡಿಸುವುದಕ್ಕೇ ಅನುಭವಿ ರೇಡಿಯಾಲಜಿಸ್ಟ್ ಬೇಕಾಗುವುದು. ಇನ್ನು, ಹಳೆಯ ಪಠ್ಯಗಳಲ್ಲಿ ‘ಹತ್ತು ವರ್ಷದ ಆಯಸ್ಸು’ ಎಂದು ಓದಿದವರು ಅದನ್ನು ಹೊಡೆದುಹಾಕಿ. ಅಮೆರಿಕದ ದೊಡ್ಡ ರೋಗಿಗುಂಪಿನಲ್ಲಿ ಹತ್ತು ವರ್ಷದ ನಂತರ ಕಸಿಯಿಲ್ಲದೆಯೇ ಬದುಕಿದ್ದವರು ಶೇ. 85ರ ಆಸುಪಾಸು.